ತದಡಿಯಲ್ಲಿ ಏನೂ ಇಲ್ಲವಂತೆ

ಗೋಕರ್ಣಕ್ಕೆ ಹೋಗಿಬಂದವರ ಮಾತು ಈಚೆಗೆ ಒಂದೇ ಧಾಟಿ ಹಿಡಿದಿದೆ. ಓಂ ಬೀಚು ಹಾಳಾಗಿಹೋಯಿತು, ಕುಡ್ಲೆಯಲ್ಲಿ ಕಾಲಿಡಲು ಜಾಗವಿಲ್ಲ, ರಥಬೀದಿಯ ಹತ್ತಿರ ಕಾರು ನಿಲ್ಲಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ನೀವು ಒಂದು ಕೆಲಸ ಮಾಡಿ, ಊರೊಳಗೆ ಹೋಗಲೇಬೇಡಿ. ಸೀದಾ ತದಡಿ ಕಡೆಗೆ ತಿರುಗಿ, ಬೇಲೆಕಾನಿಗೆ ಹೋಗಿ, ಇಲ್ಲವೇ ತಾರಿ ದಾಟಿ ಅಘನಾಶಿನಿಯಲ್ಲಿ ಇಳಿಯಿರಿ. ಅಲ್ಲಿ ಯಾರೂ ಇಲ್ಲ, ಏನೂ ಇಲ್ಲ, ಬರೀ ಶಾಂತಿ.

ಹೀಗೆ ಹೇಳುವವರು ಕೆಟ್ಟವರಲ್ಲ. ಬಾಟಲಿ ಎಸೆಯುವುದಿಲ್ಲ, ಡಿಜೆ ಹಾಕಿ ಕುಣಿಯುವುದಿಲ್ಲ, ಹೊಟೇಲಿನವನ ಮೇಲೆ ರೇಗುವುದಿಲ್ಲ. ಬಸ್ಸು ತುಂಬಿ ಬಂದು ಇಳಿಯುವ ಗುಂಪಿಗಿಂತ ತಾವು ಒಂದು ಕೈ ಮೇಲು ಎಂಬ ಸಣ್ಣ ಹೆಮ್ಮೆ ಮಾತ್ರ ಅವರ ಮಾತಿನಲ್ಲಿ ಇಣುಕುತ್ತಿರುತ್ತದೆ. ಪತ್ರಿಕೆಗಳ ಪ್ರವಾಸ ಪುರವಣಿಗಳಲ್ಲಿ, ಪ್ರವಾಸೋದ್ಯಮದ ಬಗ್ಗೆ ವೇದಿಕೆಗಳಲ್ಲಿ ಕೇಳುವ ಭಾಷಣಗಳಲ್ಲಿ, ಪರಿಸರದ ಕಾಳಜಿಯುಳ್ಳವರ ಹರಟೆಯಲ್ಲಿ ಈಗ ಇದೇ ನಂಬಿಕೆ ಚಲಾವಣೆಯಲ್ಲಿದೆ: ಗದ್ದಲದ ಕೇಂದ್ರವನ್ನು ಬಿಟ್ಟು ಪಕ್ಕದ ಸದ್ದಿಲ್ಲದ ಕೇರಿಗೆ ಹೋಗುವುದೇ ಸಭ್ಯರ ಪ್ರವಾಸ, ಪ್ರವಾಸಿಗಳನ್ನು ಹೀಗೆ ಹಂಚಿಬಿಟ್ಟರೆ ಕರಾವಳಿಯೂ ಉಳಿಯುತ್ತದೆ, ಊರೂ ಉದ್ಧಾರವಾಗುತ್ತದೆ. ಈ ನಂಬಿಕೆ ತಪ್ಪು. ಬರೀ ತಪ್ಪಾಗಿದ್ದರೆ ಬಿಟ್ಟುಬಿಡಬಹುದಿತ್ತು. ಓಂ ಬೀಚಿನ ಜಂಗುಳಿ ಮಾಡುವುದಕ್ಕಿಂತ ಹೆಚ್ಚಿನ ಕೇಡನ್ನು ಇದು ಮಾಡುತ್ತಿದೆ.

ಜಂಗುಳಿ ಹೇಗೆ ಹಬ್ಬಿತು ಎಂಬುದನ್ನು ಮೊದಲು ನೋಡಬೇಕು. 1960ರ ದಶಕದ ಕೊನೆಯಲ್ಲಿ ಗೋವೆಯ ಕಲಂಗುಟ್‌ಗೆ ಬಂದಿಳಿದ ಹಿಪ್ಪಿಗಳು ಗದ್ದಲ ಬೇಡವೆಂದೇ ಬಂದವರು. ಕಲಂಗುಟ್ ತುಂಬಿತು, ಅಂಜುನಾಕ್ಕೆ ಸರಿದರು. ಅಂಜುನಾ ತುಂಬಿತು, ಉತ್ತರದಲ್ಲಿ ಅರಂಬೋಲ್, ದಕ್ಷಿಣದಲ್ಲಿ ಪಾಲೊಲೆಂ ಸಿಕ್ಕಿತು. ಅವೂ ಸಾಕೆನಿಸಿದವರು ಗಡಿ ದಾಟಿ ಗೋಕರ್ಣಕ್ಕೆ ಬಂದರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ದಾರಿ ಇನ್ನೂ ಸಲೀಸಾಯಿತು. ಗೋಕರ್ಣದೊಳಗೂ ಅದೇ ಸರಿದಾಟ: ಊರಿನ ದಂಡೆ ಬೇಡವೆಂದು ಕುಡ್ಲೆ, ಕುಡ್ಲೆ ಬೇಡವೆಂದು ಓಂ, ಓಂ ಬೇಡವೆಂದು ಗುಡ್ಡ ಹತ್ತಿಳಿದು ಹಾಫ್‌ಮೂನ್, ಅದರಾಚೆ ಪ್ಯಾರಡೈಸ್, ಈಗ ಬೇಲೆಕಾನ. ಒಂದೊಂದು ಹೆಜ್ಜೆಯೂ ಜಂಗುಳಿಯಿಂದ ದೂರ ಹೋಗುವ ಹೆಜ್ಜೆಯೇ. ಜಂಗುಳಿ ಆ ಹೆಜ್ಜೆಗುರುತು ಹಿಡಿದೇ ನಡೆದುಬಂತು.

ಇದರ ಕ್ರಮ ಕರಾವಳಿಯವರಿಗೆ ಬಾಯಿಪಾಠ. ಮೊದಲು ಬೆನ್ನಿಗೆ ಚೀಲ ಹಾಕಿಕೊಂಡ ಒಬ್ಬ ಬರುತ್ತಾನೆ. ಯಾರದೋ ಮನೆಯ ಜಗುಲಿಯಲ್ಲಿ ಕೂತು ಚಾ ಕೇಳುತ್ತಾನೆ, ಮಧ್ಯಾಹ್ನ ಅವರ ಮನೆಯ ಮೀನುಸಾರಿನಲ್ಲೇ ಉಣ್ಣುತ್ತಾನೆ, ಹೊಗಳುತ್ತಾನೆ, ಊರಿಗೆ ಹೋಗಿ ಹತ್ತು ಜನಕ್ಕೆ ಹೇಳುತ್ತಾನೆ. ಮರುವರ್ಷ ಆ ಮನೆಗೊಂದು ಹೆಚ್ಚಿನ ಕೋಣೆ ಬರುತ್ತದೆ. ಅದರ ಮರುವರ್ಷ ಪಕ್ಕದ ತೆಂಗಿನ ತೋಟದಲ್ಲಿ ನಾಲ್ಕು ಗುಡಿಸಲು. ಆಮೇಲೆ ಬೆಂಗಳೂರಿನ ಯಾರೋ ಗುಂಟೆಗೆ ಎಷ್ಟು ಎಂದು ವಿಚಾರಿಸುತ್ತಾರೆ. ರಸ್ತೆ ಅಗಲವಾಗುವ ಹೊತ್ತಿಗೆ ಮೊದಲು ಬಂದವನು ಇನ್ನೊಂದು ದಂಡೆಯಲ್ಲಿ ಕೂತು, ಹಿಂದಿನ ದಂಡೆಯನ್ನು ಜನ ಕೆಡಿಸಿಬಿಟ್ಟರು ಎಂದು ಕೊರಗುತ್ತಿರುತ್ತಾನೆ. ಆ ಜನರಲ್ಲಿ ಮೊದಲನೆಯವನು ತಾನೇ ಎಂದು ಅವನಿಗೆ ಯಾರೂ ಹೇಳುವುದಿಲ್ಲ.

ಇನ್ನು ‘ಅಲ್ಲಿ ಏನೂ ಇಲ್ಲ’ ಎಂಬ ಮಾತು. ತದಡಿಗೆ ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ನಿಜವಾಗಿಯೂ ಏನೂ ಕಾಣುವುದಿಲ್ಲ. ಧಕ್ಕೆಯ ಮೇಲೆ ಒಂದೆರಡು ನಾಯಿ, ಬಲೆ ಹೊಲಿಯುವ ಮೂರ್ನಾಲ್ಕು ಜನ, ಸಾಲಾಗಿ ಕಟ್ಟಿದ ಬೋಟುಗಳು, ಮೀನಿನ ವಾಸನೆ. ಆದರೆ ಹನ್ನೆರಡು ಗಂಟೆ ಮೀನುಗಾರರ ಊರಿಗೆ ಹೋಗುವ ಹೊತ್ತೇ ಅಲ್ಲ. ಬೆಂಗಳೂರಿನ ಕಲಾಸಿಪಾಳ್ಯದ ಮಾರುಕಟ್ಟೆಯನ್ನು ರಾತ್ರಿ ಎರಡಕ್ಕೆ ನೋಡಿದವನಿಗೂ ಮಧ್ಯಾಹ್ನ ಮೂರಕ್ಕೆ ನೋಡಿದವನಿಗೂ ಕಾಣುವುದು ಬೇರೆ ಬೇರೆ. ಹಾಗೆಂದು ಎರಡನೆಯವನು ಅಲ್ಲಿ ತರಕಾರಿಯೇ ಇಲ್ಲ ಎನ್ನುವುದಿಲ್ಲ. ಬೆಳಗಿನ ಜಾವ ಬೋಟು ಬಂದು ತಾಗಿದಾಗ ಇದೇ ಧಕ್ಕೆಯಲ್ಲಿ ಬುಟ್ಟಿಗೆ ಬುಟ್ಟಿ ತಾಗುತ್ತದೆ. ಬಂಗಡೆ, ತಾರ್ಲೆ, ಶೆಟ್ಲಿಗಳ ರಾಶಿಯ ಸುತ್ತ ಹೆಂಗಸರ ಕೂಗು, ಐಸು ಒಡೆಯುವ ಸದ್ದು, ಕನ್ನಡ ಕೊಂಕಣಿ ಎರಡೂ ಬೆರೆತ ಚೌಕಾಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಈ ಕರಾವಳಿಯಲ್ಲಿ ನಿಷೇಧ. ಆ 61 ದಿನಗಳಲ್ಲಿ ಬಂದವನಿಗೆ ಇನ್ನೂ ಹೆಚ್ಚು ‘ಶಾಂತಿ’ ಸಿಗುತ್ತದೆ. ಅದು ಊರಿನ ಕೈಯಲ್ಲಿ ದುಡ್ಡಿಲ್ಲದ ಕಾಲದ ಶಾಂತಿ.

ತಾರಿಯಲ್ಲಿ ಅಘನಾಶಿನಿ ಹೊಳೆ ದಾಟುವಾಗ ಇಳಿತದ ಹೊತ್ತಾಗಿದ್ದರೆ ನೀರಿನ ನಡುವೆ ಹೆಂಗಸರು ನಿಂತಿರುವುದು ಕಾಣುತ್ತದೆ. ಸೊಂಟಮಟ್ಟದ ನೀರು, ಪಕ್ಕದಲ್ಲಿ ತೇಲಬಿಟ್ಟ ಒಂದು ಪಾತ್ರೆ. ಕಾಲಿನಿಂದಲೇ ಕೆಸರನ್ನು ತಡವಿ, ಬಗ್ಗಿ, ಕೈಯಿಂದ ಎತ್ತುವುದು ಬಳಚು. ಚಿಪ್ಪಿಕಲ್ಲು ಎಂದರೂ ಅದೇ. ಬಂಡವಾಳವಿಲ್ಲ, ಬೋಟಿಲ್ಲ, ಡೀಸೆಲ್ಲಿಲ್ಲ; ಇಳಿತದ ಹೊತ್ತು ಗೊತ್ತಿದ್ದರೆ ಸಾಕು, ಅಂದಿನ ಸಾರು ಮತ್ತು ಸಂತೆಯ ಖರ್ಚು ಹೊಳೆಯಲ್ಲೇ ಇದೆ. ಗೋವೆಯವರೆಗೂ ಹೋಗುವ ಸರಕು ಇದು. ಪ್ರವಾಸಿಯ ಫೋಟೋದಲ್ಲಿ ಇದೇ ಹೆಂಗಸರು ಸಂಜೆಯ ಬೆಳಕಿನಲ್ಲಿ ಕಪ್ಪು ನೆರಳುಗಳಾಗಿ ಬರುತ್ತಾರೆ, ಕೆಳಗೆ ‘ಪ್ರಶಾಂತ ಅಳಿವೆ’ ಎಂಬ ಒಕ್ಕಣೆ. ತಾರಿಯಲ್ಲಿ ಪಕ್ಕಕ್ಕೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ನನ್ನ ಕ್ಯಾಮೆರಾ ನೋಡಿ, “ಇಲ್ಲಿ ಎಂತಾ ನೋಡುಕೆ ಬಂದ್ರಿ, ತಮಾ?” ಎಂದಳು. ಹೊಳೆ ನೋಡಲು ಎಂದೆ. “ಹೊಳೆ ಎಂತಾ ನೋಡುದು? ಬಳಚು ಬೇಕಾರೆ ತಕಂಡು ಹೋಗಿ” ಎಂದು ಬುಟ್ಟಿಯ ಮೇಲಿನ ಚೀಲ ಸರಿಸಿದಳು. ವ್ಯಾಪಾರದ ಮಾತು. ನೋಡುವವರಿಂದ ಅವಳಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ, ಕೊಳ್ಳುವವರು ಬೇಕು.

ಗೋಕರ್ಣದಿಂದ ತದಡಿಗೆ ಬರುವ ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನಾಗರ ಸಿಗುತ್ತದೆ. ಚೌಕ ಚೌಕ ಕಟ್ಟಿದ ನೀರು, ಅಂಚಿನಲ್ಲಿ ಮಾಸಲು ಬಿಳುಪಿನ ರಾಶಿಗಳು. ಜಿಲ್ಲೆಯ ಮನೆಗಳಲ್ಲಿ ಉಪ್ಪಿನಕಾಯಿಗೆ ಇದೇ ಉಪ್ಪು ಬೇಕೆಂದು ಹಟ ಹಿಡಿಯುವವರು ಇನ್ನೂ ಇದ್ದಾರೆ. ಇದೇ ಕರಾವಳಿಯ ಅಂಕೋಲೆಯಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು ನಮ್ಮ ಶಾಲೆಯ ಪುಸ್ತಕಗಳಲ್ಲಿ ಒಂದು ಸಾಲಾಗಿ ಬಂದುಹೋಗುತ್ತದೆ. ಹೊಳೆಯ ಆಚೆ ದಡದ ಮಾಣಿಕಟ್ಟೆಯ ಗಜನಿ ಗದ್ದೆಗಳದ್ದು ಇನ್ನೊಂದು ಲೆಕ್ಕ. ಅಲ್ಲಿ ಬೆಳೆಯುವುದು ಕಗ್ಗ ಭತ್ತ. ಉಪ್ಪುನೀರು ಕುಡಿದೂ ಬದುಕುತ್ತದೆ, ನೆರೆಯಲ್ಲಿ ಕೆಲದಿನ ಮುಳುಗಿದರೂ ಕೊಳೆಯುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ಮಳೆಗಾಲದಲ್ಲಿ ಭತ್ತ, ಕುಯ್ಲು ಮುಗಿದ ಮೇಲೆ ತೂಬು ತೆರೆದು ಉಪ್ಪುನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಶೆಟ್ಲಿ, ಮೀನು. ನಡುವೆ ಹಕ್ಕಿಗಳಿಗೂ ಒಂದು ಪಾಲು. ಕಟ್ಟೆ ಒಡೆದರೆ ಒಬ್ಬನ ಗದ್ದೆ ಹೋಗುವುದಿಲ್ಲ, ಬಯಲಿನ ಎಲ್ಲರದೂ ಹೋಗುತ್ತದೆ. ಹಾಗಾಗಿ ಕಟ್ಟೆ ಕಾಯುವುದು ಎಲ್ಲರ ಕೆಲಸ. ಹವಾಮಾನ ಬದಲಾಗಿ ಸಮುದ್ರ ಏರಿದರೆ ಏನು ಬೆಳೆಯುವುದು ಎಂದು ಜಗತ್ತು ತಲೆಕೆಡಿಸಿಕೊಂಡಿರುವಾಗ ಆ ಪ್ರಶ್ನೆಗೆ ಉತ್ತರದ ಒಂದು ತುಂಡು ಈ ಗದ್ದೆಯಲ್ಲಿ ನಿಂತಿದೆ. ದಾರಿಯಲ್ಲಿ ಕಾರು ಓಡಿಸುವವರಿಗೆ ಅದು ‘ಹಸಿರು ಬಯಲು’.

ಬಯಲು ಎಂದಮೇಲೆ ಮರಳದಂಡೆಯ ಮಾತು ಬರಲೇಬೇಕು, ಏಕೆಂದರೆ ಪ್ರವಾಸಿ ಮೆಚ್ಚುವುದು ಅದನ್ನೇ: ಎಷ್ಟು ದೂರ ನೋಡಿದರೂ ಖಾಲಿ ಮರಳು. ಆ ಮರಳು ಖಾಲಿ ಇರುವುದಕ್ಕೆ ಕಾರಣವಿದೆ. ಕೈರಂಪಣಿ ಹಾಕುವವರನ್ನು ನೋಡಿದ್ದೀರಾ? ಬಲೆಯ ಒಂದು ತುದಿಯನ್ನು ದಡದಲ್ಲಿ ಹಿಡಿದಿರುತ್ತಾರೆ. ದೋಣಿ ನೀರಿನಲ್ಲಿ ಅರ್ಧಚಂದ್ರದಂತೆ ಸುತ್ತುಹಾಕಿ ಇನ್ನೊಂದು ತುದಿಯನ್ನು ಬಹುದೂರದಲ್ಲಿ ದಡಕ್ಕೆ ತಂದು ಮುಟ್ಟಿಸುತ್ತದೆ. ಆಮೇಲೆ ಎರಡೂ ಕಡೆ ಜನ ನಿಂತು ಹಿಮ್ಮಡಿಯನ್ನು ಮರಳಿಗೆ ಊರಿ ಹಗ್ಗ ಎಳೆಯುತ್ತಾರೆ. ಎಳೆದಂತೆಲ್ಲ ಎರಡು ಗುಂಪು ಒಂದಕ್ಕೊಂದು ಹತ್ತಿರ ಸರಿಯುತ್ತವೆ. ಹಿಂದಿನ ದೊಡ್ಡ ರಂಪಣಿಗೆ ಒಂದು ಊರಿನ ಗಂಡಸರೆಲ್ಲ ಬೇಕಾಗುತ್ತಿತ್ತು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಅದು ಸೊರಗಿತು, ಕೈರಂಪಣಿ ಉಳಿಯಿತು. ಇದಕ್ಕೆ ಅಡ್ಡಿಯಿಲ್ಲದ ಉದ್ದನೆಯ ಮರಳು ಬೇಕೇ ಬೇಕು. ನಡುವೆ ಎರಡು ಕೊಡೆ, ನಾಲ್ಕು ಒರಗುಕುರ್ಚಿ ಬಂದು ಕೂತರೆ ಬಲೆ ಬೀಳುವುದಿಲ್ಲ. ನಾಡದೋಣಿ ಎಳೆದಿಡಲು, ಬಲೆ ಹರವಲು, ಮೀನು ಒಣಗಿಸಲು ಅದೇ ಮರಳು. ಕಡಲಾಮೆ ಮೊಟ್ಟೆಯಿಡಲು ಬರುವುದೂ ಅಲ್ಲಿಗೇ. ರೈತನ ಕಣವನ್ನು ನೋಡಿ ಇಲ್ಲಿ ಏನೂ ಇಲ್ಲ, ಕ್ರಿಕೆಟ್ಟಿಗೆ ಒಳ್ಳೆಯ ಜಾಗ ಎಂದರೆ ಅವನು ಬಾರುಕೋಲು ಹಿಡಿಯುತ್ತಾನೆ. ಮೀನುಗಾರ ಹಾಗೆ ಮಾಡಲಾರ. ಕಣಕ್ಕೆ ಪಹಣಿ ಇದೆ, ಮರಳದಂಡೆಗೆ ಇಲ್ಲ. ತಲೆಮಾರುಗಳಿಂದ ವಾಸವಾಗಿರುವ ಮನೆಯ ಜಾಗಕ್ಕೂ ಹಕ್ಕುಪತ್ರವಿಲ್ಲದ ಮೀನುಗಾರ ಕುಟುಂಬಗಳು ಈ ಕರಾವಳಿಯಲ್ಲಿ ಎಷ್ಟೋ ಇವೆ.

ಶಾಂತಿಪ್ರಿಯ ಪ್ರವಾಸಿಯ ಜೊತೆ ನನಗಿರುವ ನಿಜವಾದ ಜಗಳ ಇದು: ಅವನ ಕಣ್ಣೂ ಯೋಜನೆ ಬರೆಯುವವರ ಕಣ್ಣೂ ಒಂದೇ. ಅವನು ಹೊಗಳಿಕೆಯಾಗಿ ‘ಏನೂ ಇಲ್ಲ’ ಎನ್ನುತ್ತಾನೆ, ಅವರು ಕಡತದಲ್ಲಿ ‘ಖಾಲಿ ಜಾಗ’ ಎಂದು ಬರೆಯುತ್ತಾರೆ. ತದಡಿಯ ಮಟ್ಟಿಗೆ ಇದು ಊಹೆಯ ಮಾತಲ್ಲ. ಕೈಗಾರಿಕೆಗೆಂದು ಇಲ್ಲಿ ದಶಕಗಳ ಹಿಂದೆಯೇ ಭೂಮಿ ವಶಪಡಿಸಿಕೊಂಡರು. 2000ದ ದಶಕದ ನಡುವಿನಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಇಲ್ಲಿಗೆ ಬರುವುದೆಂದಾಯಿತು. ಜನ ಬೀದಿಗಿಳಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮೊದಲಾದವರು ಈ ಅಳಿವೆಯಲ್ಲಿ ಏನೇನಿದೆ, ಅದರಿಂದ ಎಷ್ಟು ಜನ ಉಣ್ಣುತ್ತಾರೆ ಎಂಬುದನ್ನು ಅಳೆದು ಬರೆದರು. ಸ್ಥಾವರ ಕೈಬಿಟ್ಟರು, ಆಮೇಲೆ ದೊಡ್ಡ ಬಂದರಿನ ಪ್ರಸ್ತಾವ ಬಂತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ‘ಏನೂ ಇಲ್ಲದ’ ಜಾಗದಲ್ಲಿ ಏನಿದೆ ಎಂದು ಪಟ್ಟಿ ಮಾಡಿದವರಿಂದ ಅಳಿವೆ ಇಷ್ಟಾದರೂ ಉಳಿಯಿತು. ಶಾಂತಿಯನ್ನು ಹೊಗಳಿದವರ ಪಾಲು ಅದರಲ್ಲಿ ಸೊನ್ನೆ.

ಅದೇ ಕಣ್ಣಿಗೆ ಹೊಳೆಯೂ ‘ವ್ಯರ್ಥ’ವಾಗಿ ಕಡಲು ಸೇರುತ್ತಿರುವುದಾಗಿ ಕಾಣುತ್ತದೆ. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಒಂದೇ ಒಂದು ದೊಡ್ಡ ಅಣೆಕಟ್ಟೆಯಿಲ್ಲದೆ ತದಡಿಗೆ ಬರುವ ನೀರು ಇದು. ಅದನ್ನು ವೇದಾವತಿ ನದಿಗೆ ತಿರುಗಿಸುವ ಮಾತು ಎದ್ದಿದೆ. ಸಿಹಿನೀರು ಬಂದು ಉಪ್ಪುನೀರಿಗೆ ಬೆರೆಯುವುದರಿಂದಲೇ ಬಳಚು, ಅದರಿಂದಲೇ ಕಗ್ಗ. ವ್ಯರ್ಥವೆಂದು ಎಣಿಸುವವರ ಲೆಕ್ಕದಲ್ಲಿ ಸೊಂಟಮಟ್ಟದ ನೀರಲ್ಲಿ ನಿಂತ ಹೆಂಗಸರು ಬರುವುದಿಲ್ಲ. ಕಾರವಾರ ಅಂಕೋಲೆಯ ನಡುವೆ ಸೀಬರ್ಡ್ ನೌಕಾನೆಲೆಗೆಂದು ಎದ್ದುಹೋದ ಊರುಗಳವರನ್ನು ಕೇಳಿ, ಈ ಲೆಕ್ಕ ಹೇಗೆ ನಡೆಯುತ್ತದೆಂದು ವಿವರವಾಗಿ ಹೇಳುತ್ತಾರೆ. 1986ರಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಪರಿಹಾರದ ವ್ಯಾಜ್ಯ ಎಷ್ಟೋ ವರ್ಷ ಎಳೆಯಿತು.

ಹೊನ್ನಾವರದ ಕಾಸರಕೋಡು ಇನ್ನೂ ಕಣ್ಣಿಗೆ ಹೊಡೆಯುವ ಉದಾಹರಣೆ. 2020ರಲ್ಲಿ ದೇಶದ ಎಂಟು ಕಡಲತೀರಗಳಿಗೆ ಮೊದಲ ಸಲ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಕರ್ನಾಟಕದ ಪಡುಬಿದ್ರಿ ಮತ್ತು ಕಾಸರಕೋಡು ಅದರಲ್ಲಿದ್ದವು. ಸ್ವಚ್ಛ ಮರಳು, ಬಿದಿರಿನ ಕೊಡೆ, ಬಟ್ಟೆ ಬದಲಿಸುವ ಕೋಣೆ, ನೀಲಿ ಬಾವುಟ. ಅದೇ ಕಾಸರಕೋಡಿನ ಟೊಂಕದಲ್ಲಿ, ಶರಾವತಿ ಕಡಲು ಸೇರುವ ಕಡೆ, ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಬಡಿದಾಡುತ್ತಿದ್ದಾರೆ. ಅಲ್ಲಿನ ಹೆಂಗಸರು ಮೀನು ಒಣಗಿಸುವ ಮರಳೂ, ಕಡಲಾಮೆ ಮೊಟ್ಟೆಯಿಡುವ ಮರಳೂ ಅದೇ. ಬಾವುಟದ ಕೆಳಗೆ ಕೂತ ಪ್ರವಾಸಿಗೆ ಮೀನು ಒಣಗಿಸುವುದು ವಾಸನೆ. ಬಂದರಿನವರಿಗೆ ಅದು ಅತಿಕ್ರಮಣ. ಎರಡೂ ಕಡೆಯಿಂದ ಬಂದ ಒತ್ತಡ ತಗಲುವುದು ಅದೇ ಹೆಂಗಸರಿಗೆ.

‘ಯಾರೂ ಕಂಡಿರದ ತೀರ’ ಎಂಬ ಬಡಾಯಿಯೂ ಒಂದಿದೆ. ಕಗ್ಗದ ಗದ್ದೆಗಳ ಹಿಂದೆ ಹೊಳೆಯ ಮೇಲ್ಭಾಗದಲ್ಲಿ ಮಿರ್ಜಾನ ಕೋಟೆ ನಿಂತಿದೆ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಳುಮೆಣಸು ಹಡಗು ಹತ್ತುತ್ತಿದ್ದದ್ದು ಈ ನೀರಿನಲ್ಲೇ. ಹತ್ತಿರದ ಹನೇಹಳ್ಳಿ ಯಶವಂತ ಚಿತ್ತಾಲರ ಊರು, ಅವರ ಕತೆಗಳ ಊರು. ಗೋಕರ್ಣ ಗೌರೀಶ ಕಾಯ್ಕಿಣಿಯವರದು, ಅವರ ಮಗ ಜಯಂತರದು. ಕನ್ನಡ ಓದುವವರಿಗೆ ಈ ದಂಡೆಯ ಸಂದಿಗೊಂದಿ ಎಷ್ಟೋ ದಶಕಗಳಿಂದ ಪರಿಚಯ. ಇದನ್ನು ‘ಕಂಡುಹಿಡಿದೆ’ ಎನ್ನುವವನು ತಾನು ಏನನ್ನು ಓದಿಲ್ಲ ಎಂಬುದನ್ನಷ್ಟೇ ಹೇಳಿಕೊಳ್ಳುತ್ತಿದ್ದಾನೆ.

ನನ್ನ ಓಟು ಜಂಗುಳಿಗೆ. ಓಂ ಮತ್ತು ಕುಡ್ಲೆಯಲ್ಲಿ ಜೀವರಕ್ಷಕರಿದ್ದಾರೆ. ಕಡಲಿನ ಸೆಳೆತಕ್ಕೆ ಸಿಕ್ಕವರನ್ನು ಅವರು ಎಳೆದು ತಂದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಸದ್ದಿಲ್ಲದ ದಂಡೆಯಲ್ಲಿ ಸೆಳೆತ ಇದೆ, ಎಳೆದು ತರುವವರಿಲ್ಲ; ಕೊನೆಗೆ ನೀರಿಗೆ ಹಾರಬೇಕಾದವನು ತನ್ನ ಬಲೆ ಬಿಟ್ಟು ಓಡಿಬಂದ ಮೀನುಗಾರ. ಕಸದ ಗಾಡಿ, ಶೌಚಾಲಯ, ಪೊಲೀಸು, ಎಲ್ಲವೂ ಅರೆಬರೆಯಾದರೂ ಕೇಂದ್ರದಲ್ಲಿವೆ. ಪಕ್ಕದ ಸಣ್ಣ ಪಂಚಾಯಿತಿಗೆ ತನ್ನ ಊರಿನ ಕಸ ಎತ್ತಲೇ ದುಡ್ಡು ಸಾಲದು. ಶಿವರಾತ್ರಿಯ ರಥೋತ್ಸವಕ್ಕೆ ಗೋಕರ್ಣದಲ್ಲಿ ಸೇರುವ ಜನಸಾಗರವನ್ನು ನೋಡಿ ಮೂಗು ಮುರಿಯುವವರಿದ್ದಾರೆ. ಆದರೆ ಆ ಊರು ಶತಮಾನಗಳಿಂದ ಯಾತ್ರಿಕರನ್ನು ಉಣಿಸಿ ಮಲಗಿಸಿ ಕಳಿಸುವುದನ್ನು ಕಲಿತ ಊರು. ಯಾತ್ರಿಕ ಸಮುದ್ರಸ್ನಾನ ಮಾಡುತ್ತಾನೆ, ಮಹಾಬಲೇಶ್ವರನ ದರ್ಶನ ಮಾಡುತ್ತಾನೆ, ಬಳೆ ಬೆಂಡು ಬತ್ತಾಸು ಕೊಳ್ಳುತ್ತಾನೆ, ಮರುದಿನ ಬಸ್ಸು ಹತ್ತುತ್ತಾನೆ. ದಂಡೆಯಲ್ಲಿ ಹತ್ತು ಗುಂಟೆ ಕೊಳ್ಳುವ ಆಸೆ ಅವನಿಗೆ ಹುಟ್ಟುವುದಿಲ್ಲ. ಶಾಂತಿಯನ್ನು ಮೆಚ್ಚಿದವನಿಗೆ ಅದು ತಪ್ಪದೆ ಹುಟ್ಟುತ್ತದೆ, ಏಕೆಂದರೆ ಅವನು ಮೆಚ್ಚಿದ ಸರಕು ಒಬ್ಬನೇ ಇಟ್ಟುಕೊಂಡರೆ ಮಾತ್ರ ಉಳಿಯುವಂಥದ್ದು.

ಊರವರಿಗೂ ಆದಾಯ ಬೇಡವೇ, ಮೀನು ಕಡಿಮೆಯಾಗಿದೆ, ಹುಡುಗರು ಗೋವೆಗೆ ಕೆಲಸಕ್ಕೆ ಹೋಗುತ್ತಿದ್ದಾರೆ, ನಾಲ್ಕು ಕೋಣೆ ಕಟ್ಟಿ ಬದುಕಿದರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ಕೇಳುವವರಿದ್ದಾರೆ. ಈ ಮಾತಿಗೆ ತೂಕವಿದೆ. ಮೀನುಗಾರನ ಮಗ ಕೋಣೆ ಬಾಡಿಗೆಗೆ ಕೊಟ್ಟರೆ ನನ್ನ ತಕರಾರಿಲ್ಲ. ಅವನು ಶುದ್ಧ ಜಾನಪದವಾಗಿ ಬಲೆ ಎಳೆಯುತ್ತಲೇ ಇರಬೇಕೆಂದು ಬಯಸುವುದು ಶಾಂತಿಪ್ರಿಯರದೇ ಇನ್ನೊಂದು ಚಪಲ. ಆದರೆ ಲೆಕ್ಕ ಪೂರ್ತಿ ಆಗಲಿ. ಹಕ್ಕುಪತ್ರ ಇದ್ದವನು ಕೋಣೆ ಕಟ್ಟುತ್ತಾನೆ, ಇಲ್ಲದವನು ಜಾಗ ಬಿಡುತ್ತಾನೆ. ಮೀನು ಒಣಗಿಸುವವಳಿಗೆ ಹೋಮ್‌ಸ್ಟೇಯಲ್ಲಿ ಸಿಗುವುದು ಪಾತ್ರೆ ತೊಳೆಯುವ ಕೆಲಸ. ಮೊದಲು ಅವಳು ತನ್ನ ವ್ಯಾಪಾರದ ಒಡತಿಯಾಗಿದ್ದಳು.

ಕಾನೂನೂ ಸಡಿಲವಾಗುತ್ತ ಬಂದಿದೆ. 1991ರಲ್ಲಿ ಮೊದಲು ಬಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 2011ರಲ್ಲಿ ಹೊಸದಾಯಿತು, 2019ರಲ್ಲಿ ಮತ್ತೆ ಬದಲಾಯಿತು. ಜನಸಾಂದ್ರತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚಿರುವ ಗ್ರಾಮೀಣ ತೀರಗಳಲ್ಲಿ, ಅಲ್ಲಿನ ನಿರ್ವಹಣಾ ಯೋಜನೆಗೆ ಒಪ್ಪಿಗೆ ಸಿಕ್ಕಿದ ಮೇಲೆ, ಕಟ್ಟಡ ನಿಷೇಧದ ಪಟ್ಟಿ ಉಬ್ಬರದ ಗೆರೆಯಿಂದ 200 ಮೀಟರ್ ಇದ್ದದ್ದು 50ಕ್ಕೆ ಇಳಿಯುತ್ತದೆ. ತಾತ್ಕಾಲಿಕ ಪ್ರವಾಸಿ ಸೌಕರ್ಯಗಳಿಗೆ ದಂಡೆಯ ಮೇಲೇ ಜಾಗ ಸಿಕ್ಕಿದೆ. ತಾತ್ಕಾಲಿಕ ಎಂದರೆ ನಮ್ಮಲ್ಲಿ ಎಷ್ಟು ವರ್ಷವೋ ದೇವರೇ ಬಲ್ಲ. ಆದರೆ ಅದೇ ಕಾನೂನು ಇನ್ನೊಂದನ್ನೂ ಕೇಳುತ್ತದೆ. ಮೀನುಗಾರರ ಊರುಗಳು, ಅವರ ಸಾಮುದಾಯಿಕ ಜಾಗಗಳು, ಧಕ್ಕೆ, ಐಸ್ ಪ್ಲಾಂಟು, ಮೀನು ಒಣಗಿಸುವ ಬಯಲು, ಇವೆಲ್ಲ ನಕ್ಷೆಯಲ್ಲಿ ಗುರುತಾಗಬೇಕು ಎನ್ನುತ್ತದೆ. ಈ ಭಾಗದ ಬಗ್ಗೆ ಪ್ರವಾಸ ಪುರವಣಿಗಳು ಬರೆದದ್ದನ್ನು ನಾನು ಕಂಡಿಲ್ಲ.

ತದಡಿಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಗೋಕರ್ಣದಿಂದ ಬಸ್ಸಿದೆ, ಬೆಳಗಿನ ಬಸ್ಸಿಗೇ ಹೋಗಿ. ಬಳಚು ಕೊಳ್ಳಿ, ಸಾಣಿಕಟ್ಟೆಯ ಉಪ್ಪು ಕೊಳ್ಳಿ, ಬೇಸಗೆಯಾಗಿದ್ದರೆ ಹೆದ್ದಾರಿಯ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಕುಮಟೆಯ ಸಿಹಿ ಈರುಳ್ಳಿ ಕೊಳ್ಳಿ, ರಾತ್ರಿ ಗದ್ದಲದ ಗೋಕರ್ಣಕ್ಕೇ ಬಂದು ಮಲಗಿ. ಊರಿಗೆ ಹೋಗಿ ವರದಿ ಕೊಡುವಾಗ ಅಲ್ಲಿ ಏನೇನಿದೆ ಎಂದು ಹೇಳಿ. ಸರ್ಕಾರಕ್ಕಾದರೆ ಕೇಳುವುದು ಒಂದೇ. ಹೊಸ ಬೀಚು ‘ಅಭಿವೃದ್ಧಿ’ ಮಾಡುವ ಮೊದಲು ಬಲೆ ಎಳೆಯುವ ಮರಳು ಯಾವುದು, ಮೀನು ಒಣಗಿಸುವ ಮರಳು ಯಾವುದು, ದೋಣಿ ಎಳೆದಿಡುವುದು ಎಲ್ಲಿ, ಆಮೆ ಬರುವುದು ಎಲ್ಲಿ, ಇಳಿತದಲ್ಲಿ ಬಳಚಿಗೆ ಇಳಿಯುವುದು ಎಲ್ಲಿ ಎಂಬುದನ್ನು ಊರವರನ್ನೇ ಕೇಳಿ ನಕ್ಷೆಯಲ್ಲಿ ಬರೆಯಲಿ. ಆ ನಕ್ಷೆಯನ್ನು ಕನ್ನಡದಲ್ಲಿ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ, ಗ್ರಾಮಸಭೆಯಲ್ಲಿ ಓದಿ ಹೇಳಲಿ, ಬೋಟು ಕಡಲಿಗೆ ಹೋಗದ ದಿನ ನೋಡಿಕೊಂಡು ಆ ಸಭೆ ಕರೆಯಲಿ. ರೆಸಾರ್ಟಿನ ಅರ್ಜಿ ಆಮೇಲೆ ನೋಡೋಣ.